ಹೊಳೆಯ ಮುಂದೆ ಕಳೆದ ಬೂಟು

ನನ್ನ ಕಾಲು ಕೊಯ್ದದ್ದು ಹೊಳೆದಂಡೆಯ ಗಾಜು ಎಂದು ಓಣಿಯವರು ಹೇಳುತ್ತಾರೆ. ಸುಳ್ಳು. ಕೊಯ್ದದ್ದು ನನ್ನ ಭಕ್ತಿ. ಗಾಜು ತನ್ನ ಪಾಡಿಗೆ ತಾನು ಬಿದ್ದಿತ್ತು.

ದಾಂಡೇಲಿಯ ನಮ್ಮ ಓಣಿಯ ಹೆಂಗಸರ ಸಂಘಕ್ಕೆ ಸೊಸೆ ಶೋಭಾಳೇ ಮುಂದಾಳು. ರವಿವಾರ ಕಾಳಿ ಹೊಳೆಯ ದಂಡೆಯ ಕಸ ಆರಿಸುವುದೆಂದು ಗೊತ್ತು ಮಾಡಿದ್ದಳು. ಪ್ರವಾಸಿಗರು ಒಡೆದು ಬಿಟ್ಟುಹೋದ ಬಾಟಲಿಗಳೇ ಅಲ್ಲಿ ರಾಶಿ. ಅದಕ್ಕೇ ಎಂಟು ದಿನದಿಂದ ಮನೆಯಲ್ಲಿ ಒಂದೇ ಪಾಠ: ಬೂಟಿಲ್ಲದೆ ಬರಬಾರದು, ಗ್ಲೌಸು ತೆಗೆಯಬಾರದು, ಗಾಜನ್ನು ಇಕ್ಕಳದಿಂದಲೇ ಎತ್ತಬೇಕು, ಮೊಸಳೆ ಇರುವುದರಿಂದ ನೀರಿನ ಹತ್ತಿರ ಸುಳಿಯಲೇಬಾರದು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೂ ಬಾಯಿಪಾಠವಾಯಿತು. ಬಾಯಿಪಾಠದ ಗುಣವೇ ಹಾಗೆ. ಬಾಯಿಗೆ ಬರುತ್ತದೆ, ಕಾಲಿಗೆ ಇಳಿಯುವುದಿಲ್ಲ.

ಶನಿವಾರ ಸಂಜೆ ಜಾಗ ನೋಡಲು ಹನ್ನೆರಡು ಮಂದಿ ಹೋದೆವು. ಎಲ್ಲರ ಕಾಲಲ್ಲೂ ಬೂಟು. ನನ್ನ ಕಾಲಲ್ಲಿದ್ದದ್ದು ಮಗನದು; ಮೊದಲು ನಾನು ಹೆಜ್ಜೆ ಇಟ್ಟರೆ ಆಮೇಲೆ ಬೂಟು ಬರುತ್ತಿತ್ತು. ಹೊಳೆ ಕಂಡದ್ದೇ ತಡ, "ಗಂಗವ್ವಗ ಕಾಯಿ ಒಡೀಲಾರದ ಕೆಲಸ ಸುರು ಮಾಡ್ತೀರೇನ? ಬೂಟ್ ಕಳೀರಿ ಎಲ್ಲಾರೂ!" ಎಂದೆ.

"ಅತ್ತಿ, ಇಲ್ಲಿ ಬ್ಯಾಡ್ರಿ, ಗಾಜ ಐತಿ," ಎಂದಳು ಶೋಭಾ.

"ಬೂಟಗಾಲಿಲೆ ದೇವ್ರಿಗೆ ಕೈ ಮುಗೀತಿ? ನಿಮ್ಮವ್ವ ಇದನ್ನ ಕಲಿಸ್ಯಾಳೇನ?"

ಹನ್ನೆರಡು ಜೋಡಿ ಬೂಟು ಸಾಲಾಗಿ ನಿಂತವು. ಮೂರನೇ ಹೆಜ್ಜೆಗೆ ನಾನು ಕೂತುಬಿಟ್ಟೆ.

ಪಕ್ಕದ ಮನೆಯ ಕಾಶವ್ವ ಬಗ್ಗಿ ನೋಡಿದಳು. "ಆಯಿ, ಕಾಯಿ ಒಡೀರಿ ಅಂದ್ರಿ, ಕಾಲ ಒಡಕೊಂಡ್ರಲ್ರಿ!"

ದವಾಖಾನೆಯಲ್ಲಿ ಮೂರು ಹೊಲಿಗೆ, ಒಂದು ಸೂಜಿ. ಮನೆಗೆ ಬಂದವಳೇ ಶೋಭಾ ಗ್ಲೌಸುಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬತೊಡಗಿದಳು. "ನಾಳಿನ ಕೆಲಸ ಬ್ಯಾಡ ಬಿಡ್ರಿ ಅತ್ತಿ. ಪೂಜಿ ಅರ್ಧಕ್ಕ ನಿಂತೈತಿ, ಅಪಶಕುನ ಅಂತಾರ. ಪೂಜಿ ಮಾಡೂಣಂದ್ರ ಮತ್ತ ಬೂಟ್ ಕಳೀತಾರ. ಇನ್ನೊಬ್ರ ಕಾಲ ಕೊಯ್ದರ ನಾ ಏನ ಹೇಳ್ಲಿ?" ತಿಂಗಳುಗಟ್ಟಲೆ ಮನೆಮನೆ ಅಲೆದು ಹೆಂಗಸರನ್ನು ಒಪ್ಪಿಸಿದವಳು ಅವಳು. ಕೆಡಿಸಿದ್ದು ನನ್ನ ಒಂದು ಮಾತು. ತಪ್ಪಾಯಿತು ಎನ್ನುವ ಅಭ್ಯಾಸ ನನಗಿಲ್ಲ. "ಮೊದ್ಲ ಉಣ್ಣ ಹೋಗು," ಎಂದೆ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ನಮ್ಮ ಅಂಗಳದ ನಲ್ಲಿಯ ಮುಂದೆ ಬರಿಗಾಲಲ್ಲಿ ನಿಲ್ಲಿಸಿದೆ. ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, "ಇದರಾಗ ಬರೂದೂ ಹೊಳೀ ನೀರ. ಗಂಗವ್ವ ಇಲ್ಲೇ ಬಂದಾಳ. ಕೈ ಮುಗೀರಿ, ಬೂಟ್ ಹಾಕ್ಕೊಂಡ ನಡೀರಿ," ಎಂದೆ. ಕಾಯಿ ಒಡೆದರು, ಲೇಸು ಬಿಗಿದರು, ಹೋದರು. ನನ್ನ ಊದಿದ ಕಾಲಿಗೆ ಮಗನ ಬೂಟೂ ಹಿಡಿಸಲಿಲ್ಲ. ಅಂಗಳದಲ್ಲಿ ಒಬ್ಬಳೇ ಕುಂಟುತ್ತ, ಅವರು ಚೆಲ್ಲಿ ಹೋದ ಕರಟದ ಚೂರು ಆರಿಸಿದೆ.