ಕೂಲರಿನ ಮುಂದೆ ರೊಟ್ಟಿ ಬುಟ್ಟಿ

ಸ್ವಂತ ಮನೆ ಇದ್ದವನಿಗೆ ತನ್ನ ಮನೆಯ ಬಗ್ಗೆ ಎಲ್ಲವೂ ಗೊತ್ತಿರುತ್ತದೆ ಎಂದು ಬಾಡಿಗೆ ಮನೆಯಲ್ಲಿರುವವರು ನಂಬಿರುತ್ತಾರೆ. ನಾನೂ ಹಾಗೇ ನಂಬಿದ್ದೆ. ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸಿ ಒಳಗೆ ಕಾಲಿಟ್ಟ ಮೇಲೆ ನನಗೆ ತಿಳಿದದ್ದು ಇಷ್ಟೇ: ಉತ್ತರವಿಲ್ಲದ ಪ್ರಶ್ನೆಗಳಿಗೂ ಗೃಹಪ್ರವೇಶ ಮಾಡಿಸಿದ್ದೇನೆ. ಮೇಲಿನ ಟಾಕಿ ತುಂಬಿ ತುಳುಕುತ್ತಿದ್ದರೂ ಅಡುಗೆಮನೆಯ ನಳದಲ್ಲಿ ದಾರದಷ್ಟು ಸಣ್ಣಗೆ ನೀರು ಬರುವುದೇಕೆ? ಬಚ್ಚಲಿನ ವಾಸನೆ ಬೀಗರು ಬಂದ ದಿನವೇ ಏಳುವುದೇಕೆ? ಮೇ ತಿಂಗಳಲ್ಲಿ ತಣ್ಣೀರಿನ ನಳ ತಿರುಗಿಸಿದರೆ ಮೈ ಸುಡುವ ನೀರು, ಡಿಸೆಂಬರಿನಲ್ಲಿ ಗೀಜರ್ ಹಾಕಿದರೂ ಉಗುರುಬೆಚ್ಚಗಿನ ನೀರು, ಇದು ಯಾವ ನ್ಯಾಯ? ಒಂದು ಬೇಸಿಗೆಯಲ್ಲಿ ಮಧ್ಯಾಹ್ನ ಕೈಕಾಲು ತೊಳೆಯಲು ಹೋಗಿ ನಳದ ಕೆಳಗೆ ಕುಣಿದದ್ದನ್ನು ನೋಡಿ ನನ್ನ ಹೆಂಡತಿ ಗಿರಿಜಾ, "ನೀರು ಕಾಸೂ ಖರ್ಚು ಉಳೀತು ಬಿಡ್ರಿ" ಎಂದಿದ್ದಳು.

ಈ ಪ್ರಶ್ನೆಗಳಿಂದ ನನಗೇನೂ ತೊಂದರೆಯಾಗುತ್ತಿರಲಿಲ್ಲ. ತೊಂದರೆಯಾಗುವುದು ನನ್ನ ಉತ್ತರಗಳಿಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಇಪ್ಪತ್ತೆಂಟು ವರ್ಷ ಮಕ್ಕಳ ಮುಂದೆ ನಿಂತು ನಿಂತು "ಗೊತ್ತಿಲ್ಲ" ಎಂಬ ಶಬ್ದವೇ ಬಾಯಿಗೆ ಬಾರದಂತಾಗಿದೆ. ಓಣಿಯವರು ಏನು ಕೇಳಿದರೂ ಉತ್ತರ ಕೊಡುತ್ತೇನೆ. ಅವರು ಅದನ್ನು ಕೇಳಿ, ತಲೆಯಾಡಿಸಿ, ಆಮೇಲೆ ಮೌಲಾಸಾಬನನ್ನು ಕರೆಸುತ್ತಾರೆ. ಮೌಲಾಸಾಬ ಶಿರೂರಿನವನು, ನಳ ರಿಪೇರಿ ಮಾಡುವವನು. ಸುತ್ತಿನ ನಾಲ್ಕು ಓಣಿಗಳ ಪೈಪುಗಳೆಲ್ಲ ಅವನಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. "ಹತ್ತು ಮಿನಿಟಿನ್ಯಾಗ ಬರ್ತೇನ್ರಿ ಸರ್ರ" ಎಂದು ಫೋನಿನಲ್ಲಿ ಹೇಳಿದನೆಂದರೆ ಎರಡು ದಿನದಲ್ಲಿ ಬಂದೇ ಬರುತ್ತಾನೆ.

ಈ ಬೇಸಿಗೆಯಲ್ಲಿ ನಾವು ಕೂಲರ್ ತಂದೆವು. ಎ.ಸಿ. ತರೋಣವೆಂದರೆ ಅದು ಮೂಗಿಗೆ ಆಗಿಬರುವುದಿಲ್ಲ ಎಂದು ನಾನೇ ಹೇಳಿದ್ದೆ. ನಿಜವಾಗಿ ಆಗಿಬರದಿದ್ದದ್ದು ಕರೆಂಟ್ ಬಿಲ್ಲಿಗೆ. ಮೂರು ಬದಿಗೆ ಹುಲ್ಲಿನ ಪದರ, ಒಳಗೊಂದು ಸಣ್ಣ ಮೋಟಾರು, ಮುಂದೆ ದೊಡ್ಡ ಫ್ಯಾನು. ಮೋಟಾರು ಹುಲ್ಲಿನ ಮೇಲೆ ನೀರು ಇಳಿಸುತ್ತದೆ, ಫ್ಯಾನು ಆ ಹಸಿ ಹುಲ್ಲಿನೊಳಗಿಂದ ಗಾಳಿ ಎಳೆದು ನಮ್ಮ ಮುಖಕ್ಕೆ ಬೀಸುತ್ತದೆ. ಅಂಗಡಿಯವನು ಅದನ್ನು ಆಟೋಕ್ಕೆ ಏರಿಸುತ್ತ, "ಸರ್ರ, ಒಂದ್ ಮಾತು. ಇದನ್ನ ಕಿಡಕಿ ಬಾಜೂಕ ಇಡ್ರಿ. ಎದುರಿನ ಕಿಡಕೀನೂ ತಗದ ಇಡ್ರಿ. ಇಲ್ಲಾಂದ್ರ ಉಪಯೋಗಿಲ್ಲ" ಎಂದ. ನಾನು ನಕ್ಕೆ. ಪಾಠ ಗೊತ್ತಿಲ್ಲದ ಹುಡುಗನನ್ನು ನೋಡಿ ಮಾಸ್ತರನು ನಗುವ ನಗು ಅದು. ಫ್ರಿಜ್ಜಿನ ಬಾಗಿಲು ತೆಗೆದಿಟ್ಟು ಯಾರಾದರೂ ಹಾಲು ತಣ್ಣಗೆ ಮಾಡುತ್ತಾರೆಯೇ? ತಂಪು ಹೊರಗೆ ಹೋಗಬಾರದು, ಬಿಸಿ ಒಳಗೆ ಬರಬಾರದು. ಇದಕ್ಕೆ ಬಿ.ಎಸ್ಸಿ. ಕೂಡ ಬೇಕಾಗಿಲ್ಲ.

ಮನೆಗೆ ಬಂದವನೇ ಪಡಸಾಲೆಯ ಕಿಟಕಿಗಳನ್ನೆಲ್ಲ ಮುಚ್ಚಿದೆ. ಬಾಗಿಲ ಮೇಲಿನ ಜಾಳಿಗೆಗೆ ರಟ್ಟು ಹೊಡೆದೆ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಕೌದಿಯನ್ನು ಸುರುಳಿ ಸುತ್ತಿ ತುರುಕಿದೆ. ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಅಂಗಡಿ ಮಂದಿ ತಗದ ಇಡ್ರಿ ಅಂದ್ರಂತಲ್ರಿ?" ಎಂದಳು. "ಅವರು ಮಾರೂ ಮಂದಿ. ತಿಳದವ್ರಲ್ಲ" ಎಂದೆ.

ಮೊದಲ ದಿನ ಹಾಯೆನಿಸಿತು. ಮೊದಲ ದಿನ ಯಾವ ಹೊಸ ವಸ್ತುವಾದರೂ ಹಾಯೆನಿಸುತ್ತದೆ. ಮರುದಿನದಿಂದ ಬನಿಯನ್ ಬೆನ್ನಿಗೆ ಅಂಟತೊಡಗಿತು. ತಂಪು ಸಾಲುತ್ತಿಲ್ಲ, ನೀರು ಕಡಿಮೆಯಾಗಿರಬೇಕು ಎಂದು ನಾನು ದಿನಕ್ಕೆ ಎರಡು ಬಕೀಟು ಹಾಕುವ ಕಡೆ ನಾಲ್ಕು ಹಾಕಿದೆ.

ಇಷ್ಟೇ ಆಗಿದ್ದರೆ ಇದು ನನ್ನ ಬೆನ್ನಿನ ಸಮಸ್ಯೆಯಾಗಿ ಉಳಿಯುತ್ತಿತ್ತು. ಆದರೆ ಆ ವಾರ ನಮ್ಮ ಮನೆಯಲ್ಲಿ ನೂರಾ ಒಂದು ಖಡಕ್ ರೊಟ್ಟಿಗಳಿದ್ದವು. ನಮ್ಮ ಒಬ್ಬಳೇ ಮಗಳು ವೀಣಾಳನ್ನು ಇಳಕಲ್ಲಿಗೆ ಕೊಟ್ಟಿದ್ದೇವೆ. ಅವಳಿಗೆ ಆಗ ಐದು ತಿಂಗಳು. ಬಸುರಿ ಮಗಳಿಗೆ ತವರಿನವರು ಬುತ್ತಿ ಒಯ್ಯಬೇಕು. ಬೀಗರು ಆ ಬುತ್ತಿಯ ರೊಟ್ಟಿಯನ್ನು ತಮ್ಮ ಓಣಿಯ ಮನೆಮನೆಗೂ ಬೀರುತ್ತಾರೆ. ಹಾಗೆ ಬೀರಿದ ರೊಟ್ಟಿಯನ್ನು ಓಣಿಯ ಹೆಂಗಸರು ಮೊದಲು ತಿನ್ನುವುದಿಲ್ಲ, ಮುರಿದು ಕೇಳುತ್ತಾರೆ. ಕಟಕ್ಕೆಂದರೆ ತವರಿನವರು ಛಲೋ ಮಂದಿ. ಸದ್ದಾಗದಿದ್ದರೆ ಸದ್ದು ಆಮೇಲೆ ಶುರುವಾಗುತ್ತದೆ. ಅದೂ ಹೋಗಲಿ, ವೀಣಾ ಫೋನಿನಲ್ಲಿ ಹೇಳಿದ್ದಳು: "ಅವ್ವಾ, ಅನ್ನದ ವಾಸನಿ ಬಂದ್ರ ಸಾಕು ಹೊಟ್ಟಿ ತೊಳಸ್ತೈತಿ. ಏನೂ ಒಲ್ಲೆ ಅನಸ್ತೈತಿ. ನಿನ್ನ ಕೈಯಾನ ಖಡಕ್ ರೊಟ್ಟಿ, ಕೆಂಪು ಖಾರ, ಅಷ್ಟ ಬೇಕು." ಅದನ್ನು ಕೇಳಿದ ದಿನ ಗಿರಿಜಾ ಊಟ ಮಾಡುತ್ತ ಎರಡು ಸಲ ಕಣ್ಣೊರೆಸಿಕೊಂಡಳು. ಮರುದಿನವೇ ಅವಳು ಜೋಳ ಬೀಸಿಸಿ ತಂದು, ಆ ಧಗೆಯಲ್ಲಿ ಒಲೆಯ ಮುಂದೆ ಮೂರು ದಿನ ಕೂತು, ನೂರಾ ಒಂದು ರೊಟ್ಟಿ ಬಡಿದು ಸುಟ್ಟು ಒಣಗಿಸಿದಳು. ಬಿದಿರಿನ ಬುಟ್ಟಿಯಲ್ಲಿ ಬಿಳಿ ಬಟ್ಟೆ ಹಾಸಿ ಒಟ್ಟಿದಳು.

ಆ ಬುಟ್ಟಿಯನ್ನು ಅಡುಗೆಮನೆಯಿಂದ ಎತ್ತಿ ತಂದು ಕೂಲರಿನ ಮುಂದೆ ಇಟ್ಟವನು ನಾನು. "ಅಲ್ಲಿ ಭಾಳ ಝಳಾ ಐತಿ, ಇಲ್ಲಿ ತಂಪನ್ನ ಜಾಗಾದಾಗ ಇರ್ಲಿ" ಎಂದೆ. "ರೊಟ್ಟಿಗೆ ಎಂಥಾ ಝಳಾರಿ? ಅವು ಬೆಂಕ್ಯಾಗ ಸುಟ್ಟ ಬಂದಾವ" ಎಂದಳು ಗಿರಿಜಾ. ನಾನು ಆಹಾರ ಸಂರಕ್ಷಣೆಯ ಬಗ್ಗೆ ಒಂದು ಹತ್ತು ನಿಮಿಷ ಮಾತಾಡಿದೆ. ಅವಳು ಸೋತು ಒಳಗೆ ಹೋದಳು. ಸೋತಳೋ ಬೇಸತ್ತಳೋ, ನನಗೆ ಎರಡೂ ಒಂದೇ.

ಮೂರ್ನಾಲ್ಕು ದಿನಗಳಲ್ಲಿ ಮನೆಯಲ್ಲಿ ವಿಚಿತ್ರಗಳು ಶುರುವಾದವು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಗಂಟು ಕಟ್ಟಿತು. ಪೇಪರು ಹಸಿ ಕರವಸ್ತ್ರದಂತೆ ಜೋತುಬಿತ್ತು. ಬೆಂಕಿಕಡ್ಡಿ ಗೀರಿದರೆ ಹೊತ್ತಲಿಲ್ಲ. ಮಳೆಗಾಲದಲ್ಲಿ ಮಾತ್ರ ಉಬ್ಬುವ ಬಚ್ಚಲ ಬಾಗಿಲು ಕಡು ಬೇಸಿಗೆಯಲ್ಲಿ ಉಬ್ಬಿ, ನಾನು ಒಳಗೆ ಸಿಕ್ಕಿಕೊಂಡು, ಗಿರಿಜಾ ಹೊರಗಿನಿಂದ ಒದ್ದು ಬಿಡಿಸಬೇಕಾಯಿತು. ನಾನು ಎಲ್ಲ ಸಾಕ್ಷಿಗಳನ್ನೂ ಕೂಡಿಸಿ, ಗಡ್ಡ ಕೆರೆದು, ತೀರ್ಪು ಕೊಟ್ಟೆ: ಗೋಡೆಯೊಳಗಿನ ಪೈಪು ಸೋರುತ್ತಿದೆ. ಮೌಲಾಸಾಬನಿಗೆ ಫೋನು ಮಾಡಿದೆ.

ಅವನು ಎರಡು ದಿನ ಬಿಟ್ಟು ಬಂದ. ಅಂದರೆ ನಾವು ಇಳಕಲ್ಲಿಗೆ ಹೊರಡುವ ಹಿಂದಿನ ದಿನ ಮುಂಜಾನೆ. ಬಚ್ಚಲ ಗೋಡೆಗೆ ಕಿವಿ ಹಚ್ಚಿದ, ಬೆರಳಿನಿಂದ ಬಡಿದ. "ಸರ್ರ, ಸೋರಿಕಿ ಕಾಣವಲ್ದು" ಎಂದ. "ನಾ ಹೇಳ್ತೇನಿ, ಒಡಿ" ಎಂದೆ. ಅವನು ಒಲ್ಲದ ಮನಸ್ಸಿನಿಂದ ಒಂದು ಟೈಲ್ಸ್ ಒಡೆದ. ಒಣ ಸಿಮೆಂಟು. ಇನ್ನೊಂದು ಒಡೆಸಿದೆ. ಒಣ ಇಟ್ಟಿಗೆ. "ಸರ್ರ, ಈ ಗ್ವಾಡಿ ನನ್ನ ನಾಲಿಗಿಗಿಂತ ಒಣಗೇತಿ. ಮೊದ್ಲು ಒಂದೀಟು ನೀರ ಕೊಡ್ರಿ" ಎಂದು ಅವನು ಪಡಸಾಲೆಗೆ ಬಂದು ಕೂಲರಿನ ಮುಂದೆ ಕೂತ.

ಅದೇ ಹೊತ್ತಿಗೆ ಗಿರಿಜಾ ಬುತ್ತಿ ಕಟ್ಟಲೆಂದು ಬುಟ್ಟಿ ಬಿಚ್ಚಿದಳು. ಮೇಲಿನ ರೊಟ್ಟಿ ಎತ್ತಿದಳು. ಅದು ಅವಳ ಕೈಯಿಂದ ಎರಡೂ ಬದಿಗೆ ಇಳಿಬಿತ್ತು. ಅವಳು ಅದನ್ನು ಮಡಿಚಿದಳು, ಮಡಿಚಿತು. ಇನ್ನೊಮ್ಮೆ ಮಡಿಚಿದಳು, ಆಗಲೂ ಮಡಿಚಿತು. ಕೆಳಗೆ ಕೈ ಹಾಕಿ ಹತ್ತನೆಯದನ್ನು, ಇಪ್ಪತ್ತನೆಯದನ್ನು ತೆಗೆದಳು. "ಏನ್ರೀ, ಎಲ್ಲಾ ಮೆತ್ತಗ ಆಗ್ಯಾವಲ್ರೀ" ಎಂದಳು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಿ ತಪ್ಪಿಸಿಕೊಳ್ಳುತ್ತಿದ್ದೆ. ಮೂರು ದಿನ ಸುಟ್ಟುಕೊಂಡ ಅವಳ ಬೆರಳುಗಳನ್ನು ನೋಡಿ ನನಗೆ ನಿಜಕ್ಕೂ ನೆಲ ಬಾಯಿಬಿಡಬಾರದೇ ಎನಿಸಿತು.

ಮೌಲಾಸಾಬ ನೀರಿನ ಚರಿಗೆ ಕೆಳಗಿಟ್ಟು ಮುಖ ಒರೆಸಿಕೊಂಡ. "ಸರ್ರ, ತಪ್ಪ ತಿಳ್ಕೋಬ್ಯಾಡ್ರಿ. ಹೊರಗ ಬಿಸಲಾಗ ಬಂದಾಗ ನನಗ ಇಷ್ಟ ಬೆವರ ಇರ್ಲಿಲ್ಲ. ಇಲ್ಲಿ ಕೂಲರ್ ಮುಂದ ಕುಂತ ಬೆವರಾಕತ್ತೇನಿ. ದಿನಾ ಎಷ್ಟ ನೀರ ಹಾಕ್ತೀರಿ ಇದಕ್ಕ?"

"ನಾಕ ಬಕೀಟು" ಎಂದೆ.

"ಆ ನೀರು ಎಲ್ಲಿ ಹೋಗ್ಬೇಕ್ರಿ? ಕಿಡಕಿ ಹಾಕೀರಿ, ಬಾಗಲಾ ಹಾಕೀರಿ, ಸಂದ್ಯಾಗ ಕೌದಿ ತುರಕೀರಿ. ಎಲ್ಲಾ ಇಲ್ಲೇ ಗಾಳ್ಯಾಗ ಐತಿ. ಉಪ್ಪು ಕುಡದೈತಿ, ಬಾಗಲಾ ಕುಡದೈತಿ, ರೊಟ್ಟಿನೂ ಕುಡದಾವು. ಸುಮ್ನ ಟೈಲ್ಸ್ ಒಡಿಸಿದ್ರಿ." ಅವನೇ ಎದ್ದು ಕಿಟಕಿಗಳನ್ನೆಲ್ಲ ತೆರೆದ. ಬಿಸಿಗಾಳಿ ಒಳಗೆ ಬಂತು. ಕೂಲರು ಅದನ್ನು ಎಳೆದುಕೊಂಡು, ಕೊಂಡುತಂದ ಮೇಲೆ ಮೊದಲ ಸಲ, ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡಿತು.

ಗಿರಿಜಾ ಆಗಲೇ ಸೆರಗು ಸಿಕ್ಕಿಸಿ ಎದ್ದಿದ್ದಳು. "ಬುಟ್ಟಿ ಎತ್ರಿ. ಮಾಳಗಿ ಮ್ಯಾಲೆ ಹಾಸೂಣು" ಎಂದಳು. ನಾವಿಬ್ಬರೂ ಮೇಲೆ ನಾಲ್ಕು ಚಾದರ ಹಾಸಿ ನೂರಾ ಒಂದು ರೊಟ್ಟಿಗಳನ್ನು ಒಂದೊಂದಾಗಿ ಹರಡಿದೆವು. ಕಾಗೆ ಕಾಯುವ ಕೆಲಸ ನನ್ನದೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕೈಯಲ್ಲೊಂದು ಕೋಲು, ತಲೆಯ ಮೇಲೆ ಹಸಿ ಟವೆಲ್ಲು. ಬಾಗಲಕೋಟೆಯ ಬಿಸಿಲನ್ನು ಹುಟ್ಟಿದಾಗಿನಿಂದ ಬೈದುಕೊಂಡು ಬಂದವನು ನಾನು. ಅಂದು ಮಾತ್ರ ಒಂದು ಸಣ್ಣ ಮೋಡ ಬಾದಾಮಿಯ ಕಡೆಯಿಂದ ತೇಲಿಬಂದರೆ ಎದೆ ಝಲ್ಲೆನ್ನುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದು ಕಿವಿಗೆ ಹಿಡಿಯುತ್ತಿದ್ದೆ. ಎದುರು ಮನೆಯ ಕಾಕೂ ಮಾಳಿಗೆಯಿಂದ ನೋಡಿ, "ಯಾಕ್ರಿ ಮಾಸ್ತರ, ರೊಟ್ಟಿ ಏನರ ಮಾತಾಡ್ತಾವೇನು?" ಎಂದು ಕೇಳಿದರು. ಸಂಜೆ ಇಳಿಯುವ ಹೊತ್ತಿಗೆ ರೊಟ್ಟಿಗಳು ಮಾತಾಡಿದವು. ಅಂಚುಗಳು ಅಲ್ಲಲ್ಲಿ ಡೊಂಕಾಗಿದ್ದವು, ನನ್ನ ಮುಖ ಕೆಂಪು ಖಾರದ ಬಣ್ಣಕ್ಕೆ ತಿರುಗಿತ್ತು, ಆದರೆ ಬಡಿದರೆ ಸದ್ದು ಬರುತ್ತಿತ್ತು.

ಮರುದಿನ ಹುನಗುಂದದ ಮೇಲೆ ಹೋಗುವ ಬಸ್ಸು ಹಿಡಿದೆವು. ಬುಟ್ಟಿಯನ್ನು ಕೆಳಗಿಡಲು ಗಿರಿಜಾ ಬಿಡಲಿಲ್ಲ, ನನ್ನ ತೊಡೆಯ ಮೇಲೆ ಇಡಲೂ ಬಿಡಲಿಲ್ಲ. ಇಳಕಲ್ಲಿನಲ್ಲಿ ಬೀಗತಿ ಬುಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಬಟ್ಟೆ ಸರಿಸಿ, ಒಂದು ರೊಟ್ಟಿ ಕೈಗೆತ್ತಿಕೊಂಡರು. "ಅಂಚು ಒಂದೀಟು ಎದ್ದಂಗ ಆಗ್ಯಾವಲ್ರಿ" ಎಂದರು. ಗಿರಿಜಾ ನನ್ನ ಕಡೆ ನೋಡಲಿಲ್ಲ. ಅಷ್ಟರಲ್ಲಿ ವೀಣಾ ಬಂದಳು. ಸೊರಗಿ ಕಡ್ಡಿಯಾಗಿದ್ದಳು. ಅತ್ತೆಯ ಕೈಯಿಂದಲೇ ಆ ರೊಟ್ಟಿ ಇಸಿದುಕೊಂಡು ಮುರಿದಳು. ಕಟಕ್! ಪಡಸಾಲೆಯ ತುದಿಯಲ್ಲಿದ್ದ ಬೀಗರೂ ತಿರುಗಿ ನೋಡಿದರು. ಅವಳು ನಿಂತಲ್ಲೇ ಕೆಂಪು ಖಾರ ಹಚ್ಚಿಕೊಂಡು ಒಂದು ತಿಂದಳು, ಇನ್ನೊಂದು ತೆಗೆದುಕೊಂಡಳು. ಮಗಳು ರೊಟ್ಟಿ ತಿನ್ನುವುದನ್ನು ನೋಡಿ ನನ್ನ ಕಣ್ಣು ತುಂಬಿತು. ಖಾರದ ಘಾಟು ಎಂದು ಹೇಳಿ ಕನ್ನಡಕ ಒರೆಸಿಕೊಂಡೆ.

ಊಟಕ್ಕೆ ಕೂತ ಮೇಲೆ ಗಮನಿಸಿದೆ, ಪಡಸಾಲೆಯಲ್ಲಿ ನಮ್ಮದರಂಥದೇ ಕೂಲರು. ಅದರ ಬೆನ್ನಿಗೆ ಕಿಟಕಿ ತೆರೆದಿತ್ತು. ಎದುರಿನ ಕಿಟಕಿಯೂ ಗೇಣಗಲ ತೆರೆದಿತ್ತು. ಬೆವರಿಲ್ಲ, ಅಂಟಿಲ್ಲ, ಹಿತವಾದ ತಂಪು. ಮೌಲಾಸಾಬನಂಥವರು ಇಲ್ಲಿಯೂ ಇದ್ದಾರೆ ಎಂದುಕೊಂಡು, "ಕಿಡಕಿ ತಗದ ಇಡ್ರಿ ಅಂತ ಯಾರು ಹೇಳಿದ್ರು?" ಎಂದು ಕೇಳಿದೆ.

"ನಿಮ್ಮ ಮಗಳ ಹೇಳ್ಯಾಳ್ರಿ" ಎಂದರು ಬೀಗತಿ. "ನಾವು ಎಲ್ಲಾ ಮುಚ್ಚಿ ಹಚ್ಚಾಕತ್ತಿದ್ವಿ. ಹಂಗ ಮಾಡಬ್ಯಾಡ್ರಿ ಅತ್ತಿ, ಗಾಳಿ ಒಣಾ ಇದ್ರನ ನೀರು ಆರ್ತೈತಿ, ನೀರು ಆರಿದ್ರನ ತಂಪಾಗ್ತೈತಿ, ನಮ್ಮ ಅಪ್ಪಾರು ಎಂಟನೆ ಕ್ಲಾಸಿನ್ಯಾಗ ಹಸಿ ಅರಿವಿ ಕಿಡಕ್ಯಾಗ ಕಟ್ಟಿ ತೋರಿಸ್ಯಾರ ಅಂದ್ಲು. ಎಷ್ಟ ಛಲೋ ಕಲಿಸೀರಿ ನೋಡ್ರಿ ಅಣ್ಣಾರ, ಇಷ್ಟ ವರ್ಷ ಆದ್ರೂ ಆಕಿ ಮರ್ತಿಲ್ಲ! ನಿಮ್ಮ ಮನ್ಯಾಗೂ ಹಿಂಗ ಇಟ್ಟಿರ್ಬೇಕಲ್ರಿ?"

ನಾನು ಬಾಯಿ ತೆರೆದೆ. ಗಿರಿಜಾ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, ಬೀಗತಿಯ ಕಡೆ ತಿರುಗಿ, "ಹೌದ್ರಿ. ನಮ್ಮ ಮನ್ಯಾಗ ಎಲ್ಲಾ ಇವರು ಹೇಳಿದಂಗ ನಡಿತೈತ್ರಿ" ಎಂದಳು.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಪುಣ್ಯಕ್ಕೆ ಸದ್ದು ಜೋರಾಗಿಯೇ ಬಂತು. ನಾನು ಉತ್ತರ ಕೊಡದೆ ಇದ್ದದ್ದು ಯಾರಿಗೂ ಗೊತ್ತಾಗಲಿಲ್ಲ.