ಎಕ್ಸ್‌ಪ್ರೆಸ್ಸೂ ಸಕ್ಕರೆ ಡಬ್ಬಿಯೂ

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಸಕ್ಕರೆ ಡಬ್ಬಿ.

ಬೆಳಗ್ಗೆ ಐದೂವರೆಗೆ ಎಕ್ಸ್‌ಪ್ರೆಸ್ ಅಡುಗೆಮನೆಗೆ ಹೋಗಿ, ಕಪಾಟಿನಲ್ಲಿದ್ದ ಡಬ್ಬಿಯನ್ನು ಮುಚ್ಚಳ ಹಿಡಿದು ಎತ್ತಿದ. ಮುಚ್ಚಳ ಕೈಯಲ್ಲೇ ಉಳಿಯಿತು. ಡಬ್ಬಿ ಕಾಲಿನ ಹೆಬ್ಬೆರಳ ಮೇಲೆ ಬಿದ್ದು, ಅಲ್ಲಿಂದ ಉರುಳಿ, ಒಲೆಯ ಬುಡದಿಂದ ಬಾಗಿಲವರೆಗೂ ಸಕ್ಕರೆ ಹಾಸಿತು.

ಎಕ್ಸ್‌ಪ್ರೆಸ್ ಅಂದರೆ ರೈಲು ಅಂದುಕೊಳ್ಳಬೇಡಿ. ವಿದ್ಯುತ್ ಕಚೇರಿಯ ಮೀಟರ್ ವಿಭಾಗದಲ್ಲಿ ಕೆಲಸ ಮಾಡುವ ನಲವತ್ತಾರು ವರ್ಷದ ಮನುಷ್ಯ. ದಿನಾ ಬೆಳಗ್ಗೆ ಹತ್ತು ಕಿಲೋಮೀಟರ್ ಓಡುತ್ತಾನೆ ಅಂತ ಆಫೀಸಿನವರು ಇಟ್ಟ ಹೆಸರು ಅದು. ಅವನಿಗೆ ಬೇರೆ ಚಟವೂ ಇರಲಿಲ್ಲ, ಬೇರೆ ಹೆಮ್ಮೆಯೂ ಇರಲಿಲ್ಲ. ಕಚೇರಿ ಕಚೇರಿಗಳ ನಡುವೆ ವರ್ಷಕ್ಕೊಮ್ಮೆ ನಡೆಯುವ ರಿಲೇ ಓಟದಲ್ಲಿ ಹನ್ನೊಂದು ವರ್ಷದಿಂದ ಕೊನೆಯ ಸುತ್ತು ಅವನದೇ. ಹನ್ನೆರಡನೆಯದು ಬರುವ ಭಾನುವಾರ. ಇವತ್ತು ಶುಕ್ರವಾರ.

"ಏ, ಇಲ್ಲಿ ಬಾ!" ಅಂತ ಕೂಗಿದ. "ಈ ಮನೇಲಿ ಒಂದು ಡಬ್ಬಿಗಾದ್ರೂ ಮುಚ್ಚಳ ನೆಟ್ಟಗಿದೆಯಾ? ಒಂದು ಸುತ್ತು ತಿರುಗಿಸೋಕೆ ಏನು ರೋಗ ನಿಂಗೆ?"

ಹೆಂಡತಿ ಪೊರಕೆ ತಂದಳು. "ನಾನು ಗುಡಿಸ್ತೀನಿ ಬಿಡಿ. ನಿಮಗೆ ಓಟಕ್ಕೆ ಹೊತ್ತಾಯ್ತು."

"ಓಟಕ್ಕೆ ಏನು ಹಾಕ್ಕೊಂಡು ಹೋಗ್ಲಿ? ಬನಿಯನ್ ಇನ್ನೂ ನೀರು ಸುರಿಸ್ತಾ ನೇತಾಡ್ತಿದೆ. ಬಟ್ಟೆ ಹಿಂಡೋದನ್ನೂ ಮರೆತುಬಿಟ್ಯಾ?"

"ಹಿಂಡಿದ್ದೆ ಕಣ್ರೀ. ಬಿಸಿಲು ಇರಲಿಲ್ಲ ನಿನ್ನೆ," ಅಂದಳು ಅವಳು, ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು.

ಇಷ್ಟು ರೇಗುವುದಕ್ಕೆ ಸಕ್ಕರೆ ಒಂದು ನೆಪ. ಅಸಲಿ ವಿಷಯ ಅವನ ಮಂಡಿಯಲ್ಲಿತ್ತು. ಐದು ತಿಂಗಳಿಂದ ಎರಡೂ ಮಂಡಿ, ಎರಡೂ ಕಾಲಿನ ಹರಡು ಬೆಳಗ್ಗೆ ಎದ್ದಾಗ ತುಕ್ಕು ಹಿಡಿದ ಗೇಟಿನ ಹಾಗೆ ಕಿರುಗುಡುತ್ತಿದ್ದವು. ನೋವಿನ ಮೇಲೇ ಓಡಿದ. ಓಡಿದ್ದಕ್ಕೆ ನೋವು ಹೆಚ್ಚಾಯಿತು. ಕೊನೆಗೆ ಸೋಮವಾರ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದ.

"ರುಮಟಾಯ್ಡ್ ಸಂಧಿವಾತ ಇರಬಹುದು, ಇಲ್ಲದೇನೂ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ," ಅಂದಿದ್ದರು ಡಾಕ್ಟರು. "ಇಲ್ಲ ಅಂತ ಬಂದ್ರೆ ಈ ಸವೆದ ಶೂ ಬಿಸಾಕಿ, ಒಳ್ಳೇ ಶೂ ಹಾಕ್ಕೊಂಡು ಮೆಲ್ಲಗೆ ಓಡಿ. ಇದೆ ಅಂತ ಬಂದ್ರೆ ಆಗ ಮಾತಾಡೋಣ."

ಆ 'ಆಗ ಮಾತಾಡೋಣ' ಅನ್ನೋ ಮಾತು ಅವನ ನಿದ್ದೆ ಕೆಡಿಸಿತ್ತು. ಹೆಂಡತಿಗೆ ಹೇಳಲಿಲ್ಲ, ಹೇಳಿದರೆ ಅವಳು ಶೂಗಳನ್ನು ಬಚ್ಚಿಡುತ್ತಾಳೆ ಅಂತ ಭಯ. ರಿಪೋರ್ಟು ಇವತ್ತು ಬರಬೇಕು.

ಒದ್ದೆ ಬನಿಯನ್ನನ್ನೇ ತೊಟ್ಟು ಮನೆಯಿಂದ ಹೊರಬಿದ್ದ. ಮೂರು ಮಹಡಿ ಇಳಿಯಬೇಕು. ಮುಂದಕ್ಕೆ ಇಳಿದರೆ ಮಂಡಿ ಹಿಡಿಯುತ್ತಿತ್ತು, ಹಿಂದಕ್ಕೆ ಇಳಿದರೆ ಅಷ್ಟು ನೋವಿಲ್ಲ. ಅದಕ್ಕೇ ಮೆಟ್ಟಿಲ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದ. ಕೆಳಗಿನ ಮನೆಯ ರಿಟೈರ್ಡ್ ಕಾಂಪೌಂಡರ್ ಬಾಗಿಲಲ್ಲೇ ನಿಂತಿದ್ದರು. ನಲವತ್ತು ವರ್ಷ ಮಾತ್ರೆ ಹಂಚಿದವರು, ಈಗ ಸಲಹೆ ಹಂಚುತ್ತಿದ್ದರು.

"ಏನ್ರೀ ಎಕ್ಸ್‌ಪ್ರೆಸ್, ರಿವರ್ಸ್ ಗೇರಾ?"

"ಹೊಸ ವ್ಯಾಯಾಮ ಸಾರ್," ಅಂತ ಬಾಯಿಗೆ ಬಂದದ್ದು ಹೇಳಿದ. "ಹೀಗೆ ಇಳಿದ್ರೆ ಮಂಡಿಗೆ ಇಪ್ಪತ್ತು ವರ್ಷ ಆಯಸ್ಸು ಜಾಸ್ತಿಯಂತೆ."

"ಹೌದಾ! ನಮಗ್ಯಾರೂ ಹೇಳ್ಲೇ ಇಲ್ವಲ್ಲ!" ಅಂದರು ಕಾಂಪೌಂಡರ್, ತಮ್ಮ ಮಂಡಿಯನ್ನು ಮುಟ್ಟಿ ನೋಡಿಕೊಳ್ಳುತ್ತಾ.

ಅವನು ಓಡಲಿಲ್ಲ. ನಿಜ ಹೇಳಬೇಕೆಂದರೆ ಹನ್ನೆರಡು ದಿನದಿಂದ ಅವನು ಓಡಿರಲೇ ಇಲ್ಲ. ಪಾರ್ಕಿನ ಮೂಲೆಯ ಬೆಂಚಿನ ಮೇಲೆ ಒಂದು ಗಂಟೆ ಕೂತು, ಬೇರೆಯವರು ಓಡುವುದನ್ನು ನೋಡಿ, ಕೊನೆಗೆ ನಲ್ಲಿಯಲ್ಲಿ ಮುಖ, ಕುತ್ತಿಗೆ, ಬನಿಯನ್ನು ಎಲ್ಲವನ್ನೂ ನೆನೆಸಿಕೊಂಡು, ಬೆವರಿದವನ ಹಾಗೆ ಏದುಸಿರು ಬಿಡುತ್ತಾ ಮನೆಗೆ ಬರುತ್ತಿದ್ದ. ಹೆಂಡತಿ ಆ ಬನಿಯನ್ನನ್ನು ತೆಗೆದುಕೊಂಡು ಹೋಗಿ ಒಗೆಯುತ್ತಿದ್ದಳು. ಹೊಟ್ಟೆಪಾಡಿಗಲ್ಲ, ಮಾನಕ್ಕಾಗಿ ಮಾಡುವ ಕಳ್ಳತನ ಇಂಥದ್ದೇ.

ಆಫೀಸಿಗೆ ಕಾಲಿಟ್ಟರೆ ಅಲ್ಲಿ ಇನ್ನೊಂದು ಎಡವಟ್ಟು. ಲೈನ್‌ಮನ್ ಹಿಂದಿನ ದಿನ ಒಂದು ಮನೆಯ ಸುಟ್ಟ ಮೀಟರ್ ಬಿಚ್ಚಿ ತರಬೇಕಿತ್ತು. ತಂದಿದ್ದು ಪಕ್ಕದ್ದು.

"ನೂರಾ ಹದಿನೆಂಟು ಬೈ ಒಂದು ಅಂತ ಬರೆದುಕೊಟ್ಟಿದ್ರೆ ಬೈ ಎರಡು ಬಿಚ್ಚಿಕೊಂಡು ಬಂದಿದೀಯಲ್ಲಯ್ಯ!" ಎಕ್ಸ್‌ಪ್ರೆಸ್ ಮೀಟರನ್ನು ಮೇಜಿನ ಮೇಲೆ ಕುಕ್ಕಿದ. "ಒಂದೇ ಮನೆ, ಮಹಡಿಗೊಂದು ಮೀಟರು. ಕೆಟ್ಟಿದ್ದನ್ನ ಬಿಟ್ಟು ಚೆನ್ನಾಗಿರೋದನ್ನ ಕಿತ್ತಿದೀಯ!"

"ನೂರಾ ಹದಿನೆಂಟು ಅಂತ ನೋಡ್ದೆ ಸಾರ್. ಮುಂದಕ್ಕೆ ನೋಡ್ಲಿಲ್ಲ."

"ನಂಬರ್ ಪೂರ್ತಿ ಓದೋಕೆ ಬರದೇ ಇದ್ದವನು ಮೀಟರ್ ಮುಟ್ಟಬಾರದು ಕಣೋ. ಇಪ್ಪತ್ತು ವರ್ಷ ಆಯ್ತು, ನಾನು ಒಂದು ಸಲ ಹೀಗೆ ಮಾಡಿದೀನಾ?"

ಲೈನ್‌ಮನ್ ತಲೆ ತಗ್ಗಿಸಿ ನಿಂತ. ಪಾಪದ ಹುಡುಗ, ಕಾಲು ಮಾತ್ರ ಜಿಂಕೆಯಂಥದು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಕ್ಸ್‌ಪ್ರೆಸ್ ಕುಂಟುತ್ತಾ ಲ್ಯಾಬಿಗೆ ಹೋದ. ಕಚೇರಿಯವರಿಗೆಲ್ಲ ಅದೇ ಲ್ಯಾಬು. ಆರೋಗ್ಯ ಕಾರ್ಡ್ ತೋರಿಸಿದರೆ ಆಯಿತು. ಕೌಂಟರಿನ ಹುಡುಗಿ ಕಾರ್ಡ್ ನೋಡಿ, "ಒಂದು ರಿಪೋರ್ಟ್ ರೆಡಿ ಇದೆ ಸಾರ್. ಇನ್ನೊಂದು ನಾಲ್ಕು ಗಂಟೆಗೆ," ಅಂದಳು. ಎರಡು ಶೀಶೆ ರಕ್ತ ತೆಗೆದಿದ್ದರಲ್ಲ, ಎರಡು ರಿಪೋರ್ಟ್ ಇರಬೇಕು ಅಂದುಕೊಂಡು, "ಬಂದಿರೋದನ್ನ ಕೊಡಿ," ಅಂದ.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಲಕೋಟೆ ಹರಿದ. ಮೇಲೆ ಅವನದೇ ಹೆಸರು. ಕಾರ್ಡ್ ನಂಬರು ಎರಡು ಸಾವಿರದ ನಾನೂರ ಹದಿನೇಳು, ಅವನದೇ. ಕೆಳಗೆ ದಪ್ಪ ಅಕ್ಷರದಲ್ಲಿ, ಆರ್‌ಎ ಫ್ಯಾಕ್ಟರ್, ಪಾಸಿಟಿವ್. ಅಂದರೆ ಡಾಕ್ಟರು ಹೇಳಿದ್ದ ಆ ಸಂಧಿವಾತವೇ. ಮಿಕ್ಕಿದ್ದು ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ.

ಮೂರು ಬಸ್ಸು ಬಂದವು, ಹೋದವು. ಅವನು ಕೂತೇ ಇದ್ದ. ಐದು ತಿಂಗಳು! ಮೊದಲನೇ ದಿನವೇ ಡಾಕ್ಟರ ಹತ್ತಿರ ಹೋಗಿದ್ದರೆ? ಓಟ, ಓಟ ಅಂತ ಮಂಡಿಯ ಮಾತು ಕೇಳದೆ ಹೋದೆನಲ್ಲ. ಇನ್ನು ಬೆಳಗಿನ ಆ ಖಾಲಿ ರಸ್ತೆ, ಆ ತಣ್ಣನೆ ಗಾಳಿ, ಎರಡನೇ ಕಿಲೋಮೀಟರಿನಲ್ಲಿ ಮೈ ಹಗುರಾಗುವ ಆ ಗಳಿಗೆ, ಎಲ್ಲ ಮುಗಿಯಿತು. ಅವನಿಗೆ ಅಳು ಬಂತು. ಪಕ್ಕದಲ್ಲಿದ್ದ ಮುದುಕಿ, "ಬಸ್ಸು ಮತ್ತೆ ಬರತ್ತೆ ಕಣಪ್ಪ, ಅದಕ್ಕೆಲ್ಲ ಅಳ್ತಾರಾ?" ಅಂದಳು.

ಆಫೀಸಿನಲ್ಲಿ ಗುಟ್ಟು ನಿಲ್ಲುವುದುಂಟೇ? ಹೆಡ್ ಕ್ಲರ್ಕಿಗೆ 'ಎಲ್ಲಾಗೊತ್ತು' ಅಂತಲೇ ಹೆಸರು. ಅಂಗಿ ಜೇಬಿನಿಂದ ಇಣುಕುತ್ತಿದ್ದ ಲಕೋಟೆಯನ್ನು ಅವರು ಕೇಳದೇ ಎಳೆದುಕೊಂಡು ಓದಿದರು.

"ಅಯ್ಯೋ ಎಕ್ಸ್‌ಪ್ರೆಸ್! ಇದಾ? ನಮ್ಮ ಸೋದರತ್ತೆಗೂ ಇದೇ ಬಂದಿತ್ತು."

"ಈಗ ಹೇಗಿದ್ದಾರೆ ಸಾರ್?"

"ಈಗೆಲ್ಲಿ? ಹೋಗಿಬಿಟ್ರು."

ಎಕ್ಸ್‌ಪ್ರೆಸ್ ಮುಖ ಸುಣ್ಣವಾಯಿತು. ಎಲ್ಲಾಗೊತ್ತು ಲಕೋಟೆಯನ್ನು ಮಡಚಿ ಅವನ ಜೇಬಿಗೇ ತುರುಕಿ, "ಬಸ್ಸು ಡಿಕ್ಕಿ ಹೊಡೀತು," ಅಂದರು.

ಅರ್ಧ ಗಂಟೆಯಲ್ಲಿ ಇಡೀ ಕಚೇರಿ ಅವನ ಮೇಜಿನ ಸುತ್ತ ಸೇರಿತು. ಒಬ್ಬರು ಬಿಸಿನೀರು ಅಂದರು, ಇನ್ನೊಬ್ಬರು ತಣ್ಣೀರು ಅಂದರು. ಸಾಹೇಬರು ಚೇಂಬರಿನಿಂದ ಎದ್ದು ಬಂದು ಅಲ್ಲೇ ಭಾಷಣ ಮಾಡಿದರು. "ಎಕ್ಸ್‌ಪ್ರೆಸ್ ಅವರು ಓಡುತ್ತಿದ್ದರು. ಚೆನ್ನಾಗಿ ಓಡುತ್ತಿದ್ದರು. ಅವರ ಸ್ಥಾನವನ್ನು ತುಂಬುವುದು ಸುಲಭವಲ್ಲ." ಆಮೇಲೆ ಒಂದೇ ನಿಮಿಷದಲ್ಲಿ ಆ ಸ್ಥಾನಕ್ಕೆ ಲೈನ್‌ಮನ್ ಹೆಸರು ಬರೆದರು. ಎಲ್ಲಾಗೊತ್ತು ಅಭ್ಯಾಸಬಲದಿಂದ ತಲೆಬಾಗಿಸಿ ಮೌನ ಆಚರಿಸಿದರು.

"ಭಾನುವಾರ ನೀವೂ ಬನ್ನಿ," ಅಂದರು ಸಾಹೇಬರು. "ಟವಲ್ ಹಿಡ್ಕೊಳ್ಳೋಕೆ ಒಬ್ಬರು ಬೇಕು."

ಎಕ್ಸ್‌ಪ್ರೆಸ್ಸಿಗೆ ಏನನ್ನಿಸಿತೋ, ಮೇಜಿನ ಕೆಳಗಿನಿಂದ ಹೊಸ ಶೂ ಡಬ್ಬಿ ತೆಗೆದ. ಭಾನುವಾರಕ್ಕೆಂದು ತಂದಿದ್ದು, ಇನ್ನೂ ಕಾಲಿಗೆ ಹಾಕಿರಲಿಲ್ಲ. ಲೈನ್‌ಮನ್‌ಗೆ ಕೊಟ್ಟ. "ನಿಂಗೆ ಎಷ್ಟನೇ ನಂಬರು?"

"ಎಂಟು ಸಾರ್."

"ಇದೂ ಎಂಟೇ. ಹಾಕ್ಕೋ. ಚೆನ್ನಾಗಿ ಓಡು."

ಲೈನ್‌ಮನ್ ಕಣ್ಣಲ್ಲಿ ನೀರು ತುಂಬಿತು. ಅವನು ಎಕ್ಸ್‌ಪ್ರೆಸ್ಸಿನ ಕಾಲು ಮುಟ್ಟಲು ಬಗ್ಗಿದಾಗ ಎಲ್ಲಾಗೊತ್ತು, "ಮಂಡಿ ಮುಟ್ಟಬೇಡ, ನೋವಿರತ್ತೆ!" ಅಂತ ಕೂಗಿದರು.

ಸಂಜೆ ಮನೆಗೆ ಬಂದರೆ ಮೆಟ್ಟಿಲ ಮೇಲೆ ಜಾತ್ರೆ. ಕಾಂಪೌಂಡರರ ಹಿಂದೆ ಇನ್ನೂ ಮೂವರು ಮುದುಕರು ಬೆನ್ನು ತಿರುಗಿಸಿಕೊಂಡು ಸಾಲಾಗಿ ಇಳಿಯುತ್ತಿದ್ದರು.

"ನೋಡಿದ್ರಾ ಎಕ್ಸ್‌ಪ್ರೆಸ್? ಒಂದೇ ದಿನಕ್ಕೆ ಮಂಡಿ ಹಗುರಾಗಿದೆ!" ಅಂತ ಹೇಳುವಷ್ಟರಲ್ಲಿ ಕಾಂಪೌಂಡರ್ ಒಂದು ಮೆಟ್ಟಿಲು ತಪ್ಪಿ ಕೂತರು. ಉಳಿದವರು ಒಬ್ಬರ ಮೇಲೊಬ್ಬರು ಕೂತರು. ಬೇರೆ ದಿನವಾಗಿದ್ದರೆ ಎಕ್ಸ್‌ಪ್ರೆಸ್ ನಗುತ್ತಿದ್ದ. ಅವರನ್ನೆಲ್ಲ ಎಬ್ಬಿಸಿ ಗೋಡೆಗೆ ಒರಗಿಸಿ ಮೇಲೆ ಹತ್ತಿದ. ಇವತ್ತು ಹೇಳಿಬಿಡಬೇಕು. ಅವಳು ಗಾಬರಿಯಾಗುತ್ತಾಳೆ, ಅಳುತ್ತಾಳೆ. ಅಳಲಿ. ತನಗಾಗಿ ಅಳುವ ಒಂದು ಜೀವವಾದರೂ ಇದೆಯಲ್ಲ.

ಹೆಂಡತಿ ಊಟದ ಮೇಜಿನ ಹತ್ತಿರ ಕೂತಿದ್ದಳು. ಅವಳ ಮುಂದೆಯೂ ಒಂದು ಲಕೋಟೆ ಇತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು.

"ರೀ, ನಿಮಗೇನೂ ಇಲ್ಲವಂತೆ! ಲ್ಯಾಬಿನ ಹುಡುಗಿ ಹೇಳಿದ್ಲು, ನೆಗೆಟಿವ್ ಅಂತೆ. ಮಂಡಿ ನೋವು ಅಂತ ನನಗೊಂದು ಮಾತು ಹೇಳಬಾರದಾ ನೀವು?"

ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

"ನೀನ್ಯಾಕೆ ಲ್ಯಾಬಿಗೆ ಹೋಗಿದ್ದೆ?"

ಅವಳು ಅವನ ಜೇಬಿನ ಕಡೆ ನೋಡಿದಳು. "ನಂದು ಮಧ್ಯಾಹ್ನವೇ ನೀವು ತಗೊಂಡು ಹೋದ್ರಂತಲ್ಲ. ಏನಿದೆಯಂತೆ ಅದರಲ್ಲಿ?"

ಅವನು ಲಕೋಟೆ ತೆಗೆದ. ಕಾರ್ಡ್ ಯಜಮಾನನ ಹೆಸರಲ್ಲಿ. ಮನೆಯಲ್ಲಿ ಯಾರಿಗೆ ಪರೀಕ್ಷೆಯಾದರೂ ಮೇಲೆ ಅವನದೇ ಹೆಸರು ಮುದ್ರಿಸುವುದು ಲ್ಯಾಬಿನವರ ಪದ್ಧತಿ. ಯಾರದು ಅಂತ ತಿಳಿಯುವುದು ನಂಬರಿನ ಕೊನೆಯಲ್ಲಿ. ಅವಳ ಮುಂದಿದ್ದ ಹಾಳೆಯಲ್ಲಿ ಎರಡು ಸಾವಿರದ ನಾನೂರ ಹದಿನೇಳು ಬೈ ಒಂದು. ಅವನ ಕೈಯಲ್ಲಿದ್ದದ್ದರಲ್ಲಿ ಬೈ ಎರಡು. ಇಪ್ಪತ್ತು ವರ್ಷ ನಂಬರ್ ಓದಿದವನು ಇವತ್ತು ಪೂರ್ತಿ ಓದಿರಲಿಲ್ಲ.

"ಎಷ್ಟು ದಿನದಿಂದ?" ಅಂದ.

"ಎರಡು ವರ್ಷ ಆಯ್ತು. ಬೆಳಗ್ಗೆ ಹೊತ್ತು ಬೆರಳು ಮಡಚೋಕಾಗಲ್ಲ. ಮುಚ್ಚಳ ಬಿಗಿ ಮಾಡಿದ್ರೆ ಮತ್ತೆ ತೆಗೆಯೋಕಾಗಲ್ಲ, ಅದಕ್ಕೇ ಹಾಗೇ ಇಡ್ತೀನಿ. ಎಂಟು ಗಂಟೆ ಮೇಲೆ ಸರಿ ಹೋಗತ್ತೆ. ಭಾನುವಾರದ ಓಟ ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ."

"ಎರಡು ವರ್ಷ ನಾನೆಲ್ಲಿದ್ದೆ?"

"ನೀವು ಓಡ್ತಿದ್ರಿ ಅಲ್ವಾ," ಅಂದಳು ಅವಳು. ಕೊಂಕಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಅಂದಳು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಅವಳ ಕೈಯನ್ನು ಹಿಡಿದು ನೋಡಿದ. ಬೆರಳಿನ ಗೆಣ್ಣುಗಳು ಊದಿದ್ದವು. ಈ ಕೈ ಹನ್ನೆರಡು ದಿನ, ನಲ್ಲಿಯಲ್ಲಿ ನೆನೆಸಿ ತಂದ ಅವನ ಸುಳ್ಳು ಬೆವರನ್ನು ಒಗೆದು ಹಿಂಡಿತ್ತು. 'ಏನು ರೋಗ ನಿಂಗೆ' ಅಂತ ಬೆಳಗ್ಗೆ ತಾನೇ ಕೇಳಿದ್ದ. ಉತ್ತರ ಅವನ ಜೇಬಿನಲ್ಲಿತ್ತು. ಇಡೀ ಮಧ್ಯಾಹ್ನ ಅದು ತನ್ನದೆಂದು ಅತ್ತುಕೊಂಡಿದ್ದ.

ಶನಿವಾರ ಇಬ್ಬರೂ ಡಾಕ್ಟರ ಹತ್ತಿರ ಹೋದರು. "ಹೆದರಬೇಡಿ, ಒಳ್ಳೇ ಔಷಧಿ ಇದೆ," ಅಂದರು ಅವರು. "ಎರಡು ವರ್ಷ ಮೊದಲೇ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು." ಎಕ್ಸ್‌ಪ್ರೆಸ್ ಕಡೆ ತಿರುಗಿ, "ನೀವು ಅದೃಷ್ಟವಂತರು ಕಣ್ರೀ. ಹೊಸ ಶೂ ತಗೊಳ್ಳಿ, ಓಡಿ," ಅಂದರು. ಹೊಸ ಶೂ ಲೈನ್‌ಮನ್ ಕಾಲಲ್ಲಿತ್ತು. ಬೆಳಗಿನ ಹೊತ್ತು ಮನೆಯಲ್ಲಿ ಎರಡು ಗಟ್ಟಿ ಕೈ ಬೇಕಿತ್ತು.

ಭಾನುವಾರ ಐದೂವರೆಗೆ ಎದ್ದು ಅವನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ, ಪ್ರತಿಯೊಂದರ ಮುಚ್ಚಳವನ್ನೂ ಸಡಿಲ ಮಾಡಿ ಇಟ್ಟ. ಬಟ್ಟೆ ಒಗೆದು ಬಾಲ್ಕನಿಗೆ ತಂದ. ಕೆಳಗೆ ಕಾಂಪೌಂಡರ್ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು.

"ಏನ್ರೀ ಎಕ್ಸ್‌ಪ್ರೆಸ್, ಇವತ್ತು ನಿಮ್ಮ ಓಟ ಅಲ್ವೇ? ಇನ್ನೂ ಹೊರಟಿಲ್ವಾ?"

"ಲೇಟು ಸಾರ್."

"ಎಷ್ಟು ಲೇಟು?"

"ಎರಡು ವರ್ಷ," ಅಂದ ಅವನು, ಹೆಂಡತಿಯ ಬಟ್ಟೆಯನ್ನು ನೀರೆಲ್ಲ ಬಸಿಯುವವರೆಗೂ ಹಿಂಡಿ ತಂತಿಗೆ ಹಾಕುತ್ತಾ.