ಬಲಗೈಗೆ ಒಂದು ದಿನ ರಜೆ

ಒಂದೇ ಕೈಯಲ್ಲಿ ಬದುಕುವುದು ಹೇಗೆಂದು ಲೇವಾರ್ಡನ್ ಊರಿನ ಅರ್ಧ ಜನಕ್ಕೆ ಕಲಿಸಿದವಳು ನಾನು! ಲಕ್ವ ಹೊಡೆದವರಿರಲಿ, ಕೈ ಮುರಿದವರಿರಲಿ, ಗುಂಡಿ ಹಾಕುವುದರಿಂದ ಆಲೂಗಡ್ಡೆ ಸುಲಿಯುವವರೆಗೆ ಎಲ್ಲ ಕಲಿಸಿ ಕಳಿಸಿದ್ದೇನೆ. ಅಂಥ ನನಗೆ ನಾನು ಓದಿದ ಕಾಲೇಜಿನಿಂದಲೇ ಕರೆ ಬಂತು. ಹಳೆಯ ವಿದ್ಯಾರ್ಥಿಗಳೆಲ್ಲ ಶನಿವಾರ ಮರುಕಲಿಕೆಗೆ ಬರಬೇಕಂತೆ. ಬರುವುದೆಂದರೆ ಸುಮ್ಮನೆ ಅಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಲಗೈಯನ್ನು ಮೈಗೆ ಕಟ್ಟಿಕೊಂಡು, ಯಾರ ಸಹಾಯವೂ ಇಲ್ಲದೆ ಸಿದ್ಧವಾಗಿ ಬರಬೇಕು. ರೋಗಿಗಳ ಕಷ್ಟ ನಮಗೂ ತಿಳಿಯಲಿ ಅಂತ!

"ನನಗೇ ಪಾಠ ಹೇಳ್ತಾರಾ?" ಎಂದು ನಕ್ಕೆ.

ನನ್ನ ಗಂಡ ವೀಬೆಯೂ ಅದೇ ಕಾಲೇಜಿನವನು, ಆದರೆ ಫಿಜಿಯೋಥೆರಪಿ. ಆ ಕಡೆಯವರು ಬಿದ್ದ ಕೈಯನ್ನು ಎತ್ತಿಸುತ್ತಾರೆ. ಎತ್ತಿದ ಕೈಗೆ ಅಂಗಿ ತೊಡುವುದನ್ನು ಕಲಿಸುವವರು ಆಕ್ಯುಪೇಷನಲ್ ಥೆರಪಿಯ ನಾವು. ಯಾರು ಹೆಚ್ಚು ಎಂಬ ಜಗಳ ನಮ್ಮ ಮದುವೆಗಿಂತ ಹಳೆಯದು. ಆಗ ಅವನ ಬಲಭುಜಕ್ಕೆ ಆಪರೇಷನ್ ಆಗಿ ಕೈ ಜೋಲಿಯಲ್ಲಿತ್ತು. ಈ ವಯಸ್ಸಿನಲ್ಲಿ ಮೊಮ್ಮಗಳ ಜೊತೆ ಮಂಜುಗಡ್ಡೆಯ ಮೇಲೆ ಓಟದ ಪಂದ್ಯ! ಅದು ಬೇರೆ ಕಥೆ ಬಿಡಿ, ಶುರು ಮಾಡಿದರೆ ಗೆದ್ದದ್ದು ತಾನೇ ಅನ್ನುತ್ತಾನೆ.

"ಒಂದು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಡೇ ಹಿಸ್ಕೆ" ಎಂದು ದಿನವೂ ಗೋಗರೆಯುತ್ತಿದ್ದ. ನಾನು ಜಗ್ಗಿದವಳಲ್ಲ.

"ನಾನು ಹಚ್ಚಿಕೊಟ್ರೆ ನಿನ್ನ ಎಡಗೈ ಯಾವಾಗ ಕಲಿಯತ್ತೆ, ಹೇಳು?" ಎಂದು ರಾಗ ಎಳೆದು ನನ್ನ ಬ್ರೆಡ್ಡಿಗೆ ದಪ್ಪಗೆ ಹಚ್ಚಿಕೊಳ್ಳುತ್ತಿದ್ದೆ.

ಕಾಲೇಜಿನ ಕರೆ ಓದಿದ ಅವನ ಕಣ್ಣು ಮಿನುಗಿತು. "ನನ್ನ ಕೈಯನ್ನ ಡಾಕ್ಟರೇ ಕಟ್ಟಿ ಕಳಿಸಿದಾರೆ. ನಿನ್ನದು ನೋಡೋಣ. ಶನಿವಾರ ಒಂದೇ ಒಂದು ಸಲ ನನ್ನ ಸಹಾಯ ಕೇಳಿದ್ರೂ, ಒಂದು ವಾರ ನನ್ನ ಬ್ರೆಡ್ಡಿಗೆ ನೀನೇ ಬೆಣ್ಣೆ ಹಚ್ಚಬೇಕು."

"ವಾರ ಏನೋ, ಒಂದು ವರ್ಷ ಹಚ್ತೀನಿ!"

ನಾಲಿಗೆಯನ್ನೂ ಕಟ್ಟಿಕೊಳ್ಳಬೇಕಿತ್ತು.

ಶನಿವಾರ ಎದ್ದವಳೇ ಅಗಲವಾದ ಬ್ಯಾಂಡೇಜಿನ ತುದಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಬುಗುರಿಯಂತೆ ಗಿರಗಿರ ತಿರುಗಿ ಸುತ್ತಿಕೊಂಡೆ. ಕೊನೆಯನ್ನು ಬೆನ್ನ ಹಿಂದೆ ತುರುಕಿದೆ. ಆಹಾ, ಒಬ್ಬಳೇ ಕಟ್ಟಿಕೊಂಡೆ! ಕೈ ಭದ್ರ! ಕನ್ನಡಿ ನೋಡಿದೆ. ಕೈಯ ಜೊತೆ ಮೈಮೇಲಿನ ನೈಟಿಯೂ ಭದ್ರ!

ಬಿಚ್ಚೋಣವೆಂದರೆ ತುದಿ ಎಟುಕದು. 'ಮೊದಲು ಬಟ್ಟೆ, ಆಮೇಲೆ ಕಟ್ಟು' ಎಂದು ಸಾವಿರ ಜನಕ್ಕೆ ಹೇಳಿದ ಬಾಯಿ ನನ್ನದು. ಹೋಗಲಿ, ನೈಟಿಯನ್ನು ಪ್ಯಾಂಟಿನೊಳಗೆ ತುರುಕೋಣವೆಂದರೆ ಹೊಟ್ಟೆ ಸುತ್ತ ಬಟ್ಟೆಯ ಮೂಟೆ, ಗುಂಡಿ ಕೂಡಲಿಲ್ಲ. ವೀಬೆಗೆಂದು ನಾನೇ ತಂದಿದ್ದ ಎಲಾಸ್ಟಿಕ್ ಪ್ಯಾಂಟನ್ನು ಸದ್ದಿಲ್ಲದೆ ಎಳೆದುಕೊಂಡೆ. ಬೂಟಿನ ಲೇಸು ಕಟ್ಟಲಾಗದೆ ತೋಟದ ರಬ್ಬರ್ ಬೂಟಿಗೆ ಕಾಲು ಹಾಕಿದೆ. ಮೇಲೊಂದು ಕೋಟು. ಕೋಟೆಂಬುದು ದೊಡ್ಡ ಧರ್ಮ, ಎಲ್ಲರ ಮಾನ ಕಾಯುತ್ತದೆ!

ತಿಂಡಿಗೆ ಕೂತೆ. ಚಾಕು ಒತ್ತಿದರೆ ಬೆಣ್ಣೆ ಹರಡುವ ಬದಲು ಬ್ರೆಡ್ಡೇ ಹೊರಟಿತು. ಮೇಜಿನುದ್ದಕ್ಕೂ ಸವಾರಿ ಹೋಗಿ ಬೆಕ್ಕಿನ ಮುಂದೆ ಬಿತ್ತು.

"ಕೆಳಗೆ ಜಾರದ ಹಾಸು ಹಾಕ್ಕೊಳ್ಳಿ ಅಂತಿದ್ಯಲ್ಲ?" ಎಂದ ವೀಬೆ, ತನ್ನ ಹಾಸಿನ ಮೇಲೆ ನಿಧಾನಕ್ಕೆ ಬೆಣ್ಣೆ ಹಚ್ಚುತ್ತ.

"ಅದು ರೋಗಿಗಳಿಗೆ!" ಎಂದು ಖಾಲಿ ಹೊಟ್ಟೆಯಲ್ಲೇ ಅವನ ಜೊತೆ ರೈಲು ಹತ್ತಿದೆ.

ಕಾಲೇಜಿನ ಸಭಾಂಗಣ ಬೇಕರಿ ಒಲೆಯಷ್ಟು ಬೆಚ್ಚಗಿತ್ತು. ಪಾಠ ಮಾಡಲು ನಿಂತವಳು ಫೆನ್ನಾ, ಒಂದು ಕಾಲದಲ್ಲಿ ನನ್ನ ಕೈಕೆಳಗೆ ತರಬೇತಿ ಪಡೆದ ಹುಡುಗಿ.

"ಮೇಡಂ, ಕೋಟು ತೆಗೀರಿ."

"ಇರಲಮ್ಮ, ಚಳಿ."

"ಬೆವರ್ತಾ ಇದೀರಲ್ಲ! ಕೋಟು ತೆಗೆಯೋದೂ ಅಭ್ಯಾಸವೇ ಅಂತ ನೀವೇ ಹೇಳ್ಕೊಟ್ಟಿದ್ದು."

ತೆಗೆದೆ. ನೈಟಿಯ ತುಂಬ ಕುರಿಮರಿಗಳು. ಅರ್ಧ ಮಂದೆ ಪ್ಯಾಂಟಿನೊಳಗೆ, ಅರ್ಧ ಹೊರಗೆ. ಫೆನ್ನಾ ಕೆಮ್ಮಿ, ಮರ್ಯಾದೆಯಿಂದ ನನ್ನ ಪಕ್ಕಕ್ಕೆ ದೃಷ್ಟಿ ಹೊರಳಿಸಿದಳು. ಅಲ್ಲಿ ವೀಬೆ! ಇಸ್ತ್ರಿಯ ಅಂಗಿ, ಗುಂಡಿಗಳೆಲ್ಲ ಸರಿಯಾದ ಕಾಜದಲ್ಲಿ, ಲೇಸು ಬಿಗಿ.

"ಎಂಥಾ ಅಚ್ಚುಕಟ್ಟು! ಸರ್, ನಿಮಗೆ ಕಲಿಸಿದ್ದು ಯಾರು?"

"ಇವಳೇ, ನನ್ನ ಹೆಂಡತಿ. ಆಪರೇಷನ್ ಆದಾಗಿಂದ ಒಂದು ಗುಂಡೀನೂ ಹಾಕ್ಕೊಡಲಿಲ್ಲ ಪುಣ್ಯಾತ್ಗಿತ್ತಿ."

ಸಭೆಗೆ ಸಭೆಯೇ ಹುಚ್ಚೆದ್ದಿತು. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲವಲ್ಲ, ಮೇಜು ಬಡಿದರು. ನನ್ನ ಪಾಠಕ್ಕೆ ಸಿಕ್ಕ ಅತಿದೊಡ್ಡ ಗೌರವ. ಕುರಿಮರಿಗಳ ಸಮೇತ ಸ್ವೀಕರಿಸಿದೆ. ಇನ್ನೂ ಸೋತಿರಲಿಲ್ಲ ನೋಡಿ! ಯಾರನ್ನೂ ಏನೂ ಕೇಳಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು, ಗಟ್ಟಿ ಬೆಣ್ಣೆ. ನನ್ನ ಬ್ರೆಡ್ಡು ಮತ್ತೆ ಪ್ರವಾಸ ಹೊರಟಿತು. ಹೊಟ್ಟೆ ಮಾನದ ಕಡೆಗಿರಲಿಲ್ಲ.

"ವೀಬೆ" ಎಂದು ಪಿಸುಗುಟ್ಟಿದೆ, "ಒಂದು ಚೂರು ಹಚ್ಚಿಕೊಡೋ."

ಅವನು ಅದಕ್ಕೇ ಕಾದಿದ್ದ. ರಾಗ ಕೂಡ ನನ್ನದೇ. "ನಾನು ಹಚ್ಚಿಕೊಟ್ರೆ ನಿನ್ನ ಎಡಗೈ ಯಾವಾಗ ಕಲಿಯತ್ತೆ, ಹೇಳು?"

ಅಂದವನೇ ಬ್ರೆಡ್ಡಿನ ಮೂಲೆಯನ್ನು ತಟ್ಟೆಯ ಅಂಚಿಗೆ ಒತ್ತುಕೊಟ್ಟು, ಎಡಗೈಯಲ್ಲಿ ನಾಲ್ಕೂ ಅಂಚಿಗೆ ಮುಟ್ಟುವಂತೆ ಬೆಣ್ಣೆ ಹಚ್ಚಿ ನನ್ನ ಮುಂದಿಟ್ಟ. ನಾನು ಕಲಿಸಿದ ಪಾಠವೇ. ರುಚಿಯಾಗಿತ್ತು, ಸುಳ್ಳು ಹೇಳಬಾರದು.

ಜೋಲಿ ಬಿಚ್ಚಿ ಎಷ್ಟೋ ಕಾಲವಾಯಿತು. ಅವನ ಬಲಗೈ ಈಗ ಗೋಡೆ ಗಡಿಯಾರಕ್ಕೂ ಎಟುಕುತ್ತದೆ. ಆದರೂ ದಿನಾ ಬೆಳಿಗ್ಗೆ ಎರಡೂ ಕೈ ಕಟ್ಟಿ ಕೂತು, ಒಂದು ವರ್ಷದ ಬಾಜಿ ತೀರಿಸಲು ಬೆಣ್ಣೆ ಹಚ್ಚುವ ನನ್ನನ್ನು ನೋಡುತ್ತ ಹೇಳುತ್ತಾನೆ:

"ಅಂಚಿಗೂ ಹಚ್ಚೇ. ಎರಡು ಕೈ ಇಟ್ಕೊಂಡು ಇಷ್ಟೂ ಬರಲ್ವಾ?"